ಕಪ್ಪು ಬಿಳುಪಿನಲ್ಲಿ ಅಮೀರ್ ಜಾನ್

ಸೆಪ್ಟೆಂಬರ್ 8, ಸೋಮವಾರ

ಇದನ್ನು ಯಾರೂ ಚೆಕ್ ಮಾಡುವುದಿಲ್ಲ. ಮೊದಲು ಇದೊಂದನ್ನು ಬರೆದುಕೊಂಡುಬಿಡುತ್ತೇನೆ, ಕೈಗೆ ಧೈರ್ಯ ಬರಲಿ ಅಂತ. ಸ್ಕೂಲ್ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಇಂಗ್ಲಿಷಿನಲ್ಲಿ ಡೈರಿ ಬರೆದು ವಾರ್ಡನ್ ಮಿಸ್‌ಗೆ ತೋರಿಸಬೇಕಿತ್ತು. ಅವರು ಕೆಂಪು ಪೆನ್ನಿನಲ್ಲಿ ತಿದ್ದಿ, 'ಗುಡ್, ಇನ್ನೂ ಸ್ವಲ್ಪ ಚಿಯರ್‌ಫುಲ್ ಆಗಿ ಬರಿ' ಅಂತ ಹಾಕುತ್ತಿದ್ದರು. ನಾಲ್ಕನೇ ಕ್ಲಾಸಿನಿಂದ ಪಿಯುಸಿವರೆಗೆ ನಾನು ಚಿಯರ್‌ಫುಲ್ ಆಗಿಯೇ ಇದ್ದೆ, ಕಾಗದದ ಮೇಲೆ. ಈಗ ಕನ್ನಡದಲ್ಲಿ ಬರೆಯುತ್ತೇನೆ. ನನ್ನ ಕನ್ನಡಕ್ಕೆ ಅರ್ಧ ಇಂಗ್ಲಿಷ್ ಮೆತ್ತಿಕೊಂಡಿದೆ. ಇರಲಿ.

ದಾವಣಗೆರೆಗೆ ಬಂದು ಒಂದೂವರೆ ತಿಂಗಳು. ವಿಷುಯಲ್ ಕಮ್ಯುನಿಕೇಶನ್, ಫಸ್ಟ್ ಇಯರ್. ಕ್ಲಾಸಿನಲ್ಲಿ ಎಲ್ಲರೂ ಇದೇ ಊರಿನವರು, ನಾಲ್ಕು ಗಂಟೆಗೆ ಸ್ಕೂಟಿ ಹತ್ತಿ ಮನೆಗೆ ಹೋಗುತ್ತಾರೆ. ಅಪ್ಪನಿಗೆ ಬ್ಯಾಂಕ್ ಕೆಲಸ, ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್, ಈಗ ರಾಯಚೂರು. ನಾನು ಮತ್ತೆ ಹಾಸ್ಟೆಲ್. ರೂಮ್‌ಮೇಟ್ ಪೂಜಾ ಫೈನಲ್ ಇಯರ್. ಅವಳ ಕಿವಿಯಲ್ಲಿ ಯಾವಾಗಲೂ ಫೋನ್. ನನಗೆ ಹೇಳಿದಳು ಅಂದುಕೊಂಡು ಉತ್ತರ ಕೊಟ್ಟು ಎರಡು ಸಲ ಮರ್ಯಾದೆ ಕಳೆದುಕೊಂಡಿದ್ದೇನೆ.

ಇವತ್ತು ಮಾಲತೇಶ್ ಸರ್ ರದ್ದಿ ಅಂಗಡಿಯಿಂದ ಒಂದು ಪೆಟ್ಟಿಗೆ ತುಂಬಾ ಹಳೆಯ ಇಂಗ್ಲಿಷ್ ಮ್ಯೂಸಿಕ್ ಮ್ಯಾಗಜೀನ್‌ಗಳನ್ನು ತಂದು ಟೇಬಲ್ ಮೇಲೆ ಸುರಿದರು. "ಓದಬ್ಯಾಡ್ರಿ. ಓದಿದ್ರೆ ಕಣ್ಣು ಮೋಸ ಹೋಗ್ತೈತೆ. ತಲೆಕೆಳಗ ಮಾಡಿ ಹಿಡ್ಕಂಡು ನೋಡ್ರಿ. ಎಲ್ಲಿ ಕಪ್ಪೈತೆ, ಎಲ್ಲಿ ಖಾಲಿ ಐತೆ, ಕಣ್ಣು ಮೊದ್ಲು ಎಲ್ಲಿಗೆ ಹೋಗ್ತೈತೆ, ಅದನ್ನ ಬರ್ಕಳ್ರಿ." ಅದು ಮೊದಲ ಭಾಗ. ಎರಡನೆಯದು, ನಾವೇ ಒಂದು ಸಂಗೀತ ಪತ್ರಿಕೆಯ ಕವರ್ ಮಾಡಬೇಕು. ಕವರಿನಲ್ಲಿರುವ ಕಲಾವಿದರನ್ನು ನಾವೇ ಭೇಟಿಯಾಗಿ ಫೋಟೋ ತೆಗೆದಿರಬೇಕು. ನೆಟ್ಟಿನಿಂದ ಇಳಿಸಿದರೆ ಸೊನ್ನೆ.

ಇಬ್ಬಿಬ್ಬರ ಜೋಡಿ ಮಾಡಿದರು. ಕೊನೆಗೆ ನಾನೊಬ್ಬಳು ಉಳಿದೆ.

"ರಶ್ಮಿತಾ, ಒಬ್ಳೇ ಮಾಡ್ತೀಯಾ?"

"ಮಾಡ್ತೀನಿ ಸರ್."

ನಾನು ಎಲ್ಲದಕ್ಕೂ ಮಾಡ್ತೀನಿ ಸರ್ ಅನ್ನುತ್ತೇನೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ.

ಸೆಪ್ಟೆಂಬರ್ 11, ಗುರುವಾರ

ಲೈಬ್ರರಿಯಲ್ಲಿ ಕೂತು ಕವರ್‌ಗಳನ್ನು ತಲೆಕೆಳಗೆ ಮಾಡಿ ನೋಡಿದೆ. ಎದುರಿಗಿದ್ದವರು ಇವಳಿಗೆ ಏನಾಗಿದೆ ಅನ್ನುವ ಹಾಗೆ ನೋಡಿದರು.

ಮ್ಯಾಗಜೀನ್ ಹೆಸರಿನ ದಪ್ಪ ಅಕ್ಷರಕ್ಕೆ ಮಾಸ್ಟ್‌ಹೆಡ್ ಅನ್ನುತ್ತಾರೆ. ಅದು ಎಡಕ್ಕೇ ಒತ್ತಿಕೊಂಡಿರುತ್ತದೆ, ಏಕೆಂದರೆ ಅಂಗಡಿಯಲ್ಲಿ ಒಂದರ ಮೇಲೊಂದು ಜೋಡಿಸಿದಾಗ ಎಡಗಡೆ ಮಾತ್ರ ಕಾಣುವುದು. ಹಾಡುಗಾರ ದೊಡ್ಡವನಾದರೆ ಅವನ ತಲೆ ಮಾಸ್ಟ್‌ಹೆಡ್ಡಿನ ಮೇಲೆ ಬರಬಹುದು, ಹೆಸರು ಅರ್ಧ ಮುಚ್ಚಿಹೋದರೂ ಪರವಾಗಿಲ್ಲ. ಹೊಸಬನಾದರೆ ಅಕ್ಷರದ ಕೆಳಗೆ ತಗ್ಗಿ ನಿಲ್ಲಬೇಕು. ಒಂದು ಕವರಿಗೆ ಮೂರೇ ಬಣ್ಣ. ಯಾರೂ ನಗುವುದಿಲ್ಲ. ಎಲ್ಲರೂ ನೇರ ಕೊಳ್ಳುವವನ ಕಣ್ಣಿಗೇ ನೋಡುತ್ತಾರೆ. ಒಬ್ಬಳು ಗಿಟಾರ್ ಹುಡುಗಿ ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ ನಾನೇ ಪುಟ ತಿರುಗಿಸಬೇಕಾಯಿತು. ಈ ಊರಿಗೆ ಬಂದ ಮೇಲೆ ಅಷ್ಟು ಹೊತ್ತು ನನ್ನ ಮುಖವನ್ನು ಯಾರೂ ನೋಡಿಲ್ಲ.

ಒಳಗಿನ ಎರಡು ಪುಟ ಸೇರುವ ಮಡಿಕೆಗೆ ಗಟರ್ ಅಂತ ಹೆಸರು. ಅಲ್ಲಿ ಮುಖ ಹಾಕಬಾರದು, ಮಾತು ಹಾಕಬಾರದು, ಬಿದ್ದದ್ದು ಕಾಣುವುದಿಲ್ಲ. ಮೆಸ್ಸಿನಲ್ಲಿ ಎರಡು ಟೇಬಲ್ ಜೋಡಿಸಿದ್ದಾರೆ. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ನಾನು ಕೂರುವುದು ಸಂದಿಯ ಹತ್ತಿರ. ಸಾಂಬಾರಿನ ಬಕೆಟ್ ನನ್ನನ್ನು ದಾಟಿ ಹೋಗುತ್ತದೆ.

ಪೆಟ್ಟಿಗೆಯ ತಳದಲ್ಲಿ ಒಂದು ಸಿಕ್ಕಿತು. ಕಪ್ಪು ಬಿಳುಪು. ಒಂದೇ ಒಂದು ಮುಖ, ಕೆಳಗೆ ಹೆಸರು, ಅಷ್ಟೇ. ಬೇರೆ ಸುದ್ದಿಯ ಸಾಲುಗಳು, ಆಫರ್, ಏನೂ ಇಲ್ಲ. ಎಲ್ಲರನ್ನೂ ರೂಮಿನಿಂದ ಹೊರಗೆ ಕಳಿಸಿ ಅವನೊಬ್ಬನನ್ನೇ ಕೂರಿಸಿದ ಹಾಗೆ. ನನ್ನ ಕವರ್ ಇದೇ ತರ ಮಾಡುತ್ತೇನೆ. ಆದರೆ ಯಾರ ಮುಖ? ನನಗೆ ಗೊತ್ತಿರುವ ಸಂಗೀತಗಾರರು ಯಾರೂ ಇಲ್ಲ. ಗೊತ್ತಿರುವವರೇ ಯಾರೂ ಇಲ್ಲ.

ಸೆಪ್ಟೆಂಬರ್ 14, ಭಾನುವಾರ

ಭಾನುವಾರ ಹಾಸ್ಟೆಲಿನಲ್ಲಿ ಇರಲಾಗುವುದಿಲ್ಲ. ಕಾರಿಡಾರಿನಲ್ಲಿ ಬೇರೆಯವರ ಮನೆಯ ಡಬ್ಬಿಗಳ ವಾಸನೆ. ಹರಿಹರದ ಬಸ್ ಹತ್ತಿದೆ. ಹೋಗಬೇಕಾದ ಕೆಲಸ ಇರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ಕೂತರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಅದಕ್ಕೆ.

ಹರಿಹರದಲ್ಲಿ ಇಳಿದು ಹೊಳೆ ನೋಡಿ ವಾಪಸ್ ಬರುವಾಗ ಒಂದು ಬೀದಿಯಲ್ಲಿ ಕ್ಲಾರಿನೆಟ್ ಕೇಳಿತು. ಒಂದೇ ಸಾಲು, ಮತ್ತೆ ಮತ್ತೆ. ಕೊನೆಯಲ್ಲಿ ಎಡವುತ್ತಿತ್ತು, ಮತ್ತೆ ಮೊದಲಿಂದ. ಬೋರ್ಡ್ ನೋಡಿದೆ: ಗುಲ್ಶನ್ ಬ್ರಾಸ್ ಬ್ಯಾಂಡ್, ಮದುವೆ ಮತ್ತು ಶುಭ ಸಮಾರಂಭಗಳಿಗೆ. ನಿಂತುಬಿಟ್ಟೆ. ಒಳಗೆ ಬಿಳಿ ಗಡ್ಡದವರೊಬ್ಬರು ವಾದ್ಯ ಕೆಳಗಿಟ್ಟರು.

"ಬರ್ರಿ, ಬರ್ರಿ. ಯಾರ ಮದುವಿ?"

"ಅಲ್ಲ ಅಂಕಲ್..."

"ನಿಂದಾ? ಇಷ್ಟ್ ಸಣ್ಣ ವಯಸ್ಸಿಗೇ?"

ಮೂಲೆಯಲ್ಲಿ ಅವರ ಮಗ ಹುಣಸೆಹಣ್ಣು ಹಚ್ಚಿ ದೊಡ್ಡ ಹಿತ್ತಾಳೆ ವಾದ್ಯ ತಿಕ್ಕುತ್ತಿದ್ದ. ತಲೆ ಎತ್ತದೆ ಅಂದ, "ಕಾಲೇಜಿನೋರು ಅಬ್ಬಾ. ಗಣೇಶನ ಚಂದಾ ಉಳಿದಿರ್ತೈತೆ, ಕೇಳಾಕ ಬಂದಾರ."

ನನಗೆ ಓಡಿಹೋಗುವ ಹಾಗಾಯಿತು. ಬಾಯಿಂದ ಇಂಗ್ಲಿಷ್ ಬರತೊಡಗಿತು. ಅಸೈನ್‌ಮೆಂಟ್, ಕವರ್, ಪೋರ್ಟ್ರೇಟ್. ಅವರು ಪೂರ್ತಿ ಕೇಳಿ, "ಇಷ್ಟ್ರಾಗ ನಂಗ ತಿಳಿದದ್ದು ಫೋಟೋ ಒಂದೇ" ಅಂದರು. "ನಮ್ಮ ಫೋಟೋ ಯಾಕವ್ವ? ಊರ ಮಂದಿ ಮದುವಿ ಆಲ್ಬಮ್ಮಿನಾಗೆಲ್ಲ ನಾವಿದೀವಿ. ಮೂಲ್ಯಾಗ. ಅರ್ಧ ಕೈ, ಅರ್ಧ ಪೀಪಿ."

ಅವರ ಹೆಸರು ಅಮೀರ್ ಜಾನ್. ಬ್ಯಾಂಡ್ ಮಾಸ್ಟರ್. ಮಗ ಹಿದಾಯತ್, ಡ್ರಮ್ ಅವನದು, ಬುಕಿಂಗೂ ಅವನದೇ. ಮುಂದಿನ ಭಾನುವಾರ ಬಾ ಅಂದರು.

"ಥ್ಯಾಂಕ್ಯೂ ಅಂಕಲ್."

"ಅಂಕಲ್ ಅನ್ಬ್ಯಾಡ. ಇನ್ಶೂರೆನ್ಸ್ ಮಾಡ್ಸಾಕ ಬಂದೋರ್ನ ಕರ್ದಂಗ ಐತೆ. ಚಾಚಾ ಅನ್ನು."

ಆಗಲಿ ಅಂಕಲ್ ಅಂದೆ. ಹಿದಾಯತ್ ನಕ್ಕ.

ಸೆಪ್ಟೆಂಬರ್ 21, ಭಾನುವಾರ

ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಅಖ್ತರ್ ಬಾನು ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ಉಣ್ಣು, ಆಮೇಲೆ ಫೋಟೋ" ಅಂದರು. ನಾವು ಲಿಂಗಾಯತರು, ನಾನು ಸಸ್ಯಾಹಾರಿ ಅಂತ ಹೇಗೆ ಹೇಳುವುದು ಅಂತ ಒದ್ದಾಡುತ್ತಿರುವಾಗಲೇ ತಟ್ಟೆಯಲ್ಲಿ ಅವಲಕ್ಕಿ ಬಂತು. "ಹೆದರಬ್ಯಾಡ, ಕೈ ತೊಳ್ಕಂಡೇ ಮಾಡೀನಿ. ಬ್ಯಾಂಡಿನಾಗ ನಿಮ್ಮೋರು ನಾಲ್ಕು ಮಂದಿ ಅದಾರ, ದಿನಾ ಇಲ್ಲೇ ತಿಂತಾರ."

ಫೋಟೋ ಕಷ್ಟವಾಯಿತು. ಅವರು ಕ್ಯಾಮೆರಾ ನೋಡಿದ ತಕ್ಷಣ ನಗುತ್ತಾರೆ. ಊದು ಅಂದರೆ ಕೆನ್ನೆ ಪೂರಿಯಾಗಿ ಕಣ್ಣು ಮುಚ್ಚಿಹೋಗುತ್ತದೆ. ಅಂಥವು ಹತ್ತಿಪ್ಪತ್ತು ತೆಗೆದು, ಕೊನೆಗೆ ಕಿಟಕಿಯ ಹತ್ತಿರ ಕೂರಿಸಿ ಹೇಳಿದೆ: "ನಗಬೇಡಿ. ಏನೂ ಯೋಚನೆ ಮಾಡಬೇಡಿ. ನನ್ನನ್ನೇ ನೋಡಿ." ಒಂದೇ ಒಂದು ಕ್ಲಿಕ್ ಸಿಕ್ಕಿತು. ಪರ್ಫೆಕ್ಟ್. ಒಂದು ಕಡೆ ಬೆಳಕು, ಒಂದು ಕಡೆ ಕತ್ತಲು.

ಮಾತಿನಲ್ಲಿ ಹೇಳಿದರು: ಮೊದಲು ಮೆರವಣಿಗೆಯಲ್ಲಿ ಗ್ಯಾಸ್‌ಲೈಟ್ ಹೊರುತ್ತಿದ್ದರಂತೆ, ಕ್ಲಾರಿನೆಟ್ ಹಿಡಿದದ್ದು ಎಂಬತ್ತೈದರಲ್ಲಿ. ಡಿಜೆ ಬಂದ ಮೇಲೆ ಕರೆಯುವವರು ಕಡಿಮೆ. ಆದರೆ ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಸರ್ವಮಂಗಳಮ್ಮ ಅಂತ ಒಬ್ಬ ಅಮ್ಮ ಇದ್ದಾರೆ, ದೊಡ್ಡ ಮನೆತನ. ಆ ಮನೆಯ ಮದುವೆಯೆಲ್ಲ ಇವರದೇ ಬ್ಯಾಂಡ್. ಡಿಸೆಂಬರಿನಲ್ಲಿ ಮೊಮ್ಮಗಳ ಮದುವೆ. "ಆ ಮನಿ ಬಾಗ್ಲಾಗ ಊದಿದ್ರೆ ಉಳಿದ ಮನಿಯೋರು ತಾವೇ ಕರೀತಾರ. ಅದೊಂದು ಇರೋದಕ್ಕೇ ಹುಡುಗ್ರು ಇನ್ನೂ ನಮ್ ಬ್ಯಾಂಡಿನಾಗ ಉಳಿದಾರ. ಅದೂ ಹೋತು ಅಂದ್ರ ಈ ಹಿತ್ತಾಳೆನೆಲ್ಲ ತೂಕಕ್ಕೆ ಹಾಕ್ಬೇಕಷ್ಟೆ."

ಹೊರಡುವಾಗ ಅಖ್ತರ್ ಬಾನು ಕೇಳಿದರು, "ಇಲ್ಲಿ ಯಾರೂ ಇಲ್ಲೇನು ನಿಂಗೆ?"

"ಇದ್ದಾರೆ ಆಂಟಿ. ರೂಮ್‌ಮೇಟ್ ಇದ್ದಾಳೆ."

"ನಾ ಕೇಳಿದ್ದು ಅದಲ್ಲ."

ಅಕ್ಟೋಬರ್ 2, ಗುರುವಾರ

ವಿಜಯದಶಮಿ. ಹಾಸ್ಟೆಲ್ ಖಾಲಿ. ರಾಯಚೂರಿಗೆ ಬರಬೇಡ, ಆಡಿಟ್ ಇದೆ, ನಾನು ಮನೆಯಲ್ಲಿ ಇರುವುದೇ ಇಲ್ಲ ಅಂದರು ಅಪ್ಪ. ಮೆಸ್ಸಿನ ಅಡಿಗೆಯವರು ಬಾಗಿಲಲ್ಲಿ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣವ್ವ ಅಂದರು. ತೆಗೆದುಕೊಂಡೆ. ವಾಪಸ್ ಕೊಡಲು ನನ್ನ ಕೈಯಲ್ಲಿ ಎಲೆ ಇರಲಿಲ್ಲ. ಅವರದನ್ನೇ ಅವರಿಗೆ ಕೊಟ್ಟೆ.

ಅಕ್ಟೋಬರ್ 13, ಸೋಮವಾರ

ಕವರ್ ಮುಗಿಯಿತು. ಮುಖದಲ್ಲಿ ಬಣ್ಣ ತೆಗೆದೆ. ತಲೆಯ ಮೇಲ್ಭಾಗ ಮಾಸ್ಟ್‌ಹೆಡ್ಡನ್ನು ಮುಚ್ಚುತ್ತದೆ, ಅಷ್ಟು ದೊಡ್ಡವರು ಅಂತ. ಸುತ್ತ ಪೂರ್ತಿ ಬಿಳಿ. ಕೆಳಗೆ ನಡುವಿನಲ್ಲಿ 'ಅಮೀರ್ ಜಾನ್'. ಹೆಸರೊಂದೇ ಬೋಳಾಗಿ ಕಂಡಿತು, ಅದಕ್ಕೆ ಅದರಡಿ ಸಣ್ಣಗೆ ಅವರು ಬ್ಯಾಂಡಿನಲ್ಲಿರುವ ವರ್ಷ ಹಾಕಿದೆ: 1985–2025. ಅದರ ಕೆಳಗೆ 'ಹರಿಹರದ ಉಸಿರು'.

ಮಾಲತೇಶ್ ಸರ್ ಬಹಳ ಹೊತ್ತು ನೋಡಿದರು. "ಖಾಲಿ ಬಿಡಾಕ ಧೈರ್ಯ ಬೇಕು. ಎಲ್ಲಾರೂ ತುಂಬ್ತಾರ, ಈ ಹುಡುಗಿ ಬಿಟ್ಟಾಳ ನೋಡ್ರಿ" ಅಂತ ಕ್ಲಾಸಿಗೆ ತೋರಿಸಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಕವರಿನವರ ಹಾಗೆ ನೋಡಬೇಕು ಅಂದುಕೊಂಡು ಡೆಸ್ಕ್ ನೋಡಿದೆ.

ನವೆಂಬರ್ 9, ಭಾನುವಾರ

ಪರೀಕ್ಷೆ, ಜ್ವರ, ಆಮೇಲೆ ಏನೂ ಇಲ್ಲದ ದಿನಗಳು. ಬರೆಯಲಿಲ್ಲ.

ಇವತ್ತು ಕವರನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಕಪ್ಪು ಕಟ್ಟು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹರಿಹರಕ್ಕೆ ಒಯ್ದೆ. ಕಂಡಕ್ಟರ್ ಟಿಕೆಟ್ ಕೊಡುವಾಗ ಫೋಟೋ ನೋಡಿ, ಯಾಕೋ ಮೆತ್ತಗೆ, "ಸೀಟ್ ಬೇಕೇನವ್ವ ಕಿಟಕಿ ಕಡಿ?" ಅಂತ ಕೇಳಿದ. ಒಳ್ಳೆಯವನು.

ಅಂಕಲ್ ಅದನ್ನು ಕೈಯಲ್ಲಿ ಹಿಡಿದು, "ಇಷ್ಟು ಗಂಭೀರ ನಾನು ನಮ್ಮಪ್ಪನ ಮುಂದೂ ಇರ್ಲಿಲ್ಲ" ಅಂದರು. ಖುಷಿಯಾಗಿದ್ದರು. ಊರ ಜನ ನೋಡಲಿ ಅಂತ ಹಿದಾಯತ್ ಅದನ್ನು ಅಂಗಡಿಯ ಹೊರಗಿನ ಕಂಬಕ್ಕೆ, ಬೋರ್ಡಿನ ಕೆಳಗೇ ಮೊಳೆ ಹೊಡೆದು ಹಾಕಿದ.

ಬಸ್ಸಿನಲ್ಲಿ ಬರುವಾಗ ಯಾರಿಗೋ ಹೇಳಬೇಕು ಅನ್ನಿಸಿತು. ಫೋನಿನ ಕಾಂಟ್ಯಾಕ್ಟ್ಸ್ ಪೂರ್ತಿ ಕೆಳಗಿನವರೆಗೆ ಹೋಗಿ ಬಂದೆ.

ನವೆಂಬರ್ 13, ಗುರುವಾರ

ಸಂಜೆ ಹಿದಾಯತ್ ಫೋನ್ ಮಾಡಿದ. ಅವನು ನನಗೆ ಎಂದೂ ಫೋನ್ ಮಾಡಿರಲಿಲ್ಲ. ಏನು ನಡೆಯಿತು ಅಂತ ಇಲ್ಲಿ ಸಾಲಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ನಿನ್ನೆ ಬ್ಯಾಂಡ್ ಪೂರ್ತಿ ಲೋಕಿಕೆರೆಗೆ ಮದುವೆಗೆ ಹೋಗಿತ್ತು. ರಾತ್ರಿ ಅಲ್ಲೇ ಉಳಿದರು. ಅಖ್ತರ್ ಬಾನು ಆಂಟಿ ಮಲೇಬೆನ್ನೂರಿನ ತಂಗಿ ಮನೆಯಲ್ಲಿದ್ದರು. ಅಂಗಡಿಗೆ ಶಟರ್ ಎಳೆದಿತ್ತು. ಇವತ್ತು ಬೆಳಿಗ್ಗೆ ಎದುರಿನ ಹೂವಿನ ಗಿರಿಯಮ್ಮ ಊರಿಂದ ವಾಪಸ್ ಬಂದು ಬುಟ್ಟಿ ಇಳಿಸಿ ನೋಡಿದ್ದಾಳೆ: ಮುಚ್ಚಿದ ಬಾಗಿಲು. ಕಂಬದ ಮೇಲೆ ಕಪ್ಪು ಬಿಳುಪು ಫೋಟೋ. ಕೆಳಗೆ ಹೆಸರು. ಹೆಸರಿನ ಕೆಳಗೆ ಹುಟ್ಟಿದ್ದು ಹೋದದ್ದು ಬರೆದ ಹಾಗೆ ವರ್ಷ.

ಅವಳು ಅತ್ತುಬಿಟ್ಟಳಂತೆ. ದೊಡ್ಡ ಸೇವಂತಿಗೆ ಹಾರವನ್ನು ಫೋಟೋಗೆ ಹಾಕಿ, ಊದುಬತ್ತಿ ಹಚ್ಚಿ ಕಂಬಕ್ಕೆ ಸಿಗಿಸಿದಳಂತೆ. ಆಮೇಲೆ ದಾರಿಯಲ್ಲಿ ಹೋಗುವವರೆಲ್ಲ ನಿಂತರು. ಯಾರೋ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಯಿತು. ಬ್ಯಾಂಡಿನವರ ಫೋನೆಲ್ಲ ವ್ಯಾನಿನಲ್ಲಿ, ಅವರು ಬಾರಿಸುತ್ತಿದ್ದರು. ಮಲೇಬೆನ್ನೂರಿಗೂ ಯಾರೋ ಹೇಳಿದರು. ಆಂಟಿ ಬರಿಗಾಲಿನಲ್ಲಿ ಬಸ್ ಹತ್ತಿ ಅಳುತ್ತಲೇ ಬಂದರಂತೆ.

ವ್ಯಾನ್ ಬಂದು ನಿಂತಾಗ ಮನೆ ಮುಂದೆ ಜನ. ಅಂಕಲ್ ಕೆಂಪು ಕೋಟಿನಲ್ಲಿ ಇಳಿದು, "ಯಾರು ಹೋದ್ರು?" ಅಂತ ಕೇಳಿದರಂತೆ. ಆಮೇಲೆ ಅವರೇ ಕಂಬ ನೋಡಿದರು.

"ನಗಬೇಕೋ ಅಳಬೇಕೋ ತಿಳಿವಲ್ದು" ಅಂದ ಹಿದಾಯತ್. "ಅಬ್ಬಾ ನಗ್ತಾನೇ ಇದಾರ, ಆದ್ರ ಹಾರ ತಗ್ಯಾಕ ಅವ್ರ ಕೈ ಮುಂದ ಬರ್ಲಿಲ್ಲ. ಅಮ್ಮಿ ಯಾರ್ ಕೂಡಾನೂ ಮಾತಾಡವಲ್ಲಳು."

"ನಾನು ಈಗಲೇ ಬರ್ತೀನಿ."

"ಬ್ಯಾಡ್ರಿ. ಸ್ವಲ್ಪ ದಿನ ಬರಬ್ಯಾಡ್ರಿ ನೀವು."

ಮೊದಲು ನೀನು ಅನ್ನುತ್ತಿದ್ದ.

ನವೆಂಬರ್ 14, ಶುಕ್ರವಾರ

ಲೈಬ್ರರಿಗೆ ಹೋಗಿ ಪೆಟ್ಟಿಗೆಯ ತಳದ ಆ ಮ್ಯಾಗಜೀನ್ ತೆಗೆದೆ. ಈ ಸಲ ನೇರವಾಗಿ ಹಿಡಿದು ಓದಿದೆ. ಮೊದಲ ಪುಟದ ಮೊದಲ ಸಾಲಿನಲ್ಲೇ ಇತ್ತು. ಆ ಹಾಡುಗಾರ ಸತ್ತ ವಾರ ತಂದ ಸಂಚಿಕೆ ಅದು. ಅದಕ್ಕೇ ಬಣ್ಣ ಇಲ್ಲ, ಅದಕ್ಕೇ ಖಾಲಿ. ನಾನು ಮಾರ್ಜಿನ್ ಅಳೆದಿದ್ದೆ, ಅಕ್ಷರದ ಸೈಜ್ ಬರೆದುಕೊಂಡಿದ್ದೆ, ಕಣ್ಣು ಪುಟದ ಯಾವ ಎತ್ತರದಲ್ಲಿದೆ ಅಂತ ಗೆರೆ ಹಾಕಿದ್ದೆ. ಓದಿರಲಿಲ್ಲ. ಗಿರಿಯಮ್ಮ ಸರಿಯಾಗಿಯೇ ಓದಿದ್ದಳು.

ನವೆಂಬರ್ 17, ಸೋಮವಾರ

ಕ್ಲಾಸ್. ಮೆಸ್. ರೂಮ್.

ನವೆಂಬರ್ 19, ಬುಧವಾರ

ನಾನೇ ಹಿದಾಯತ್‌ಗೆ ಫೋನ್ ಮಾಡಿದೆ. ಎತ್ತಿದ. ಸರ್ವಮಂಗಳಮ್ಮನ ಮನೆಯಿಂದ ಹೇಳಿ ಕಳಿಸಿದ್ದಾರೆ, ಈ ಸಲ ಬೇಡ ಅಂತ. ರಾಣೆಬೆನ್ನೂರಿನ ಬೇರೆ ಬ್ಯಾಂಡ್ ಗೊತ್ತು ಮಾಡಿದ್ದಾರೆ. ಅದನ್ನು ಕೇಳಿ ಇವರನ್ನು ಕರೆದಿದ್ದ ಇನ್ನೆರಡು ಮದುವೆ ಮನೆಯವರೂ ಹಿಂದೆ ಸರಿದರು. ಬದುಕಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಆದರೂ.

"ಸತ್ತ ಸುದ್ದಿ ಹಬ್ಬಿದ್ರ ಆಯುಸ್ಸು ಗಟ್ಟಿ ಅಂತಾರ ಗಿರಿಯಮ್ಮ. ಆದ್ರ ಮದುವಿ ಮನ್ಯೋರು ಹಂಗನ್ನಲ್ಲ."

"ಚಾಚಾ ಏನು ಮಾಡ್ತಿದ್ದಾರೆ?"

"ಏನಿಲ್ಲ. ಪೀಪಿ ಬಾಯಾಗಿನ ರೀಡ್ ನೆನಸ್ತಾರ, ಒಣಗಸ್ತಾರ. ಊದಲ್ಲ."

ನವೆಂಬರ್ 21, ಶುಕ್ರವಾರ

ಹೋದೆ. ಕ್ಲಾಸ್ ಬಿಟ್ಟು ಪಿ.ಜೆ. ಬಡಾವಣೆಯ ಸರ್ವಮಂಗಳಮ್ಮನ ಮನೆಗೆ ನಡೆದೇ ಹೋದೆ, ಆಟೋದಲ್ಲಾದರೆ ಬೇಗ ತಲುಪಿಬಿಡುತ್ತೇನೆ ಅಂತ. ಗೇಟಿನ ಮುಂದೆ ಒಂದು ಸಲ ದಾಟಿ ಹೋಗಿ ವಾಪಸ್ ಬಂದೆ.

ಹಣೆ ತುಂಬಾ ವಿಭೂತಿ ಹಚ್ಚಿದ ಅಜ್ಜಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಯಾರವ್ವ? ಯಾರ ಪೈಕಿ ನೀನು?"

"ಸ್ಟೂಡೆಂಟ್ ಅಜ್ಜಿ."

"ಅದು ಬ್ಯಾಗ್ ನೋಡಿದ್ರ ತಿಳಿತೈತೆ. ಯಾವೂರು?"

"ಹಾಸ್ಟೆಲ್."

"ಹಾಸ್ಟೆಲ್ ಅನ್ನೋದು ಒಂದೂರಾ?" ಅಂದರು. ಆಮೇಲೆ, "ಕೂಡು, ಮುಖ ಬೆವರೈತೆ."

ಕೂತೆ. ಹೇಳಿದೆ. ಆ ಫೋಟೋ ಮಾಡಿದ್ದು ನಾನು, ಅಮೀರ್ ಜಾನ್ ಚಾಚಾ ಸತ್ತಿಲ್ಲ ಅಂತ.

"ಸತ್ತಿಲ್ಲ ಅಂತ ನಂಗೂ ಗೊತ್ತು. ಸತ್ತೋರ್ನ ಬ್ಯಾಡ ಅನ್ನೋ ಕೆಲಸ ಯಾರಿಗೈತೆ? ಅವ್ರೇ ಬರಲ್ಲ."

"ಮತ್ತೆ ಯಾಕೆ ಬೇಡ ಅಂದ್ರಿ?"

"ಹಾರ ಬಿದ್ದೈತಲ್ಲವ್ವ. ಅವನ ಮುಖ ನೋಡಿದ್ರ ಈಗ ಹಾರ ನೆಪ್ಪಾಗ್ತೈತೆ. ಮದುಮಗಳ ಮುಂದ ನೆಪ್ಪಾಗೋ ವಸ್ತೇನು ಅದು? ಬೀಗರು ಏನಂತಾರ?"

ಬ್ಯಾಗಿನಿಂದ ಕವರ್ ತೆಗೆದು ತೋರಿಸಿದೆ. ಬಣ್ಣ ಯಾಕೆ ತೆಗೆದೆ, ಬಿಳಿ ಯಾಕೆ ಬಿಟ್ಟೆ, ತಲೆ ಯಾಕೆ ಹೆಸರಿನ ಮೇಲೆ ಬಂದಿದೆ, ಎಲ್ಲ ಹೇಳಿದೆ. ಸರ್‌ಗೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ ಅನ್ನಿಸುತ್ತದೆ. ಅಜ್ಜಿ ಅಕ್ಕಿಯ ಕೈ ಒರೆಸಿಕೊಂಡು ಅದನ್ನು ದೂರ ಹಿಡಿದು ನೋಡಿದರು.

"ನಗಸ್ಲಿಲ್ಲ ಯಾಕ ಅವನ್ನ?"

"ಕವರಿನಲ್ಲಿ ಯಾರೂ ನಗಲ್ಲ ಅಜ್ಜಿ. ನಾನೇ ನಗಬೇಡಿ ಅಂದೆ."

"ಅಮೀರ ನಗದೇ ಇದ್ದದ್ದು ನಾ ಈ ಜನ್ಮದಾಗ ನೋಡಿಲ್ಲ. ಅದಕ್ಕೇ ನಂಬಿಬಿಟ್ವಿ, ಸತ್ತಾನ ಅಂತ."

ಫೋನಿನಲ್ಲಿ ಬೇರೆಯವನ್ನು ತೋರಿಸಿದೆ, ನಾನು ಬೇಡವೆಂದು ಬಿಟ್ಟ ಹತ್ತಿಪ್ಪತ್ತನ್ನೂ. ಕೆನ್ನೆ ಊದಿಸಿಕೊಂಡವು, ನಕ್ಕು ಮಬ್ಬಾದವು, ಹಿಂದೆ ಅಖ್ತರ್ ಬಾನು ಚಾಚಿ ಅವಲಕ್ಕಿ ತಟ್ಟೆ ಹಿಡಿದು ಬಂದದ್ದು. ಅಜ್ಜಿ ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಎಷ್ಟು ಹೊತ್ತೋ.

"ಕರ್ಕಂಬಾ ಅವನ್ನ. ಕಣ್ಣಾರೆ ನೋಡ್ತೀನಿ. ಮುಂದಿಂದು ಆಮೇಲೆ."

ನವೆಂಬರ್ 23, ಭಾನುವಾರ

ಬರಬೇಡ ಅಂದಿದ್ದರೂ ಹರಿಹರಕ್ಕೆ ಹೋದೆ. ಕಂಬ ಬರಿದಾಗಿತ್ತು. ಗಿರಿಯಮ್ಮ ನನ್ನನ್ನು ನೋಡಿ, "ಈಕೇನೇನು ಫೋಟೋದಾಕಿ?" ಅಂತ ಪಕ್ಕದವಳಿಗೆ ಕೇಳಿದಳು. ಹೌದು ನಾನೇ ಅಂದೆ.

ಅಜ್ಜಿ ನಿಮ್ಮನ್ನು ಕಣ್ಣಾರೆ ನೋಡಬೇಕಂತೆ ಅಂದೆ. ಚಾಚಾ ಒಪ್ಪಲಿಲ್ಲ. "ಸತ್ತಿಲ್ಲ ಅಂತ ಸರ್ಟಿಫಿಕೇಟ್ ತಗಳ್ಳಾಕ ಮನಿ ಮನಿ ತಿರುಗ್ಲಾ? ನಲವತ್ತು ವರ್ಷ ಆ ಮನಿ ಬಾಗ್ಲಾಗ ಊದೀನಿ. ಕರೆದ್ರ ಹೋಗಾವ ನಾನು, ಕೇಳಾಕ ಹೋಗಾವಲ್ಲ."

ಅವರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಲ್ಲಿ ಚಾಚಿ ಬಂದು ನಿಂತರು. ಕಣ್ಣು ಇನ್ನೂ ಊದಿಕೊಂಡಿತ್ತು. ನನ್ನ ಕಡೆ ನೋಡಲಿಲ್ಲ.

"ಬ್ಯಾಂಡ್ ಕೇಳಾಕ ಹೋಗಬ್ಯಾಡ್ರಿ. ಆ ಮನಿ ಮೊಮ್ಮಗಳಿಗೆ ಹೆಸರಿಡಾಗ ಹೋಗಿ ಊದಿದ್ರಲ್ಲ, ಈಗ ಮದುವಿ ಐತೆ. ದುವಾ ಕೊಟ್ಟು ಬರ್ರಿ. ಅದಕ್ಕೂ ಕರೀಬೇಕಾ?" ಆಮೇಲೆ ನನ್ನ ಕಡೆ ತಿರುಗಿ, "ನೀ ಯಾಕ ನಿಂತಿ? ಕೂಡು. ತಿಂದು ಹೋಗ್ರಿ ಇಬ್ರೂ."

ಬಸ್ಸಿನಲ್ಲಿ ಚಾಚಾ ಕಿಟಕಿ ಕಡೆ, ನಾನು ಪಕ್ಕ. ನಾಲ್ಕು ಸಲ ಗಂಟಲು ಸರಿಮಾಡಿಕೊಂಡರು.

ಸರ್ವಮಂಗಳಮ್ಮ ಹೊಸ್ತಿಲಲ್ಲೇ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಅಮೀರಾ, ಸತ್ತಿದ್ಯಂತಲ್ಲೋ?"

"ಹೌದ್ರವ್ವ. ಹೋಗಿದ್ದೆ. ನಿಮ್ಮ ಮೊಮ್ಮಗಳ ಮದುವಿ ಐತೆ ಅಂತ ನೆಪ್ಪಾತು, ವಾಪಸ್ ಬಂದೆ."

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು. ಒಳಗಿಂದ ಸೊಸೆಯಂದಿರು ಬಂದು ನೋಡಿದರು. ಚಾಚಾ ಕೂಡ ನಗುತ್ತಿದ್ದರು, ಕ್ಯಾಮೆರಾ ಕಂಡಾಗ ನಗುವ ಹಾಗೆಯೇ.

ಆದರೆ ಅಜ್ಜಿ ಸುಳ್ಳು ಆಸೆ ಹುಟ್ಟಿಸಲಿಲ್ಲ. ಮುಹೂರ್ತಕ್ಕೆ ರಾಣೆಬೆನ್ನೂರಿನವರಿಗೆ ಮಾತು ಕೊಟ್ಟಾಗಿದೆ, ಮಾತು ತಪ್ಪುವುದಿಲ್ಲ ಅಂದರು. "ಹಿಂದಿನ ದಿನ ಸಂಜೀಗೆ ಬೀಗರನ್ನ ಎದುರುಗೊಳ್ಳೋದು ಐತಲ್ಲ, ಅದಕ್ಕ ನೀನು ಬಾ. ನಿನ್ನ ಮಂದಿನೆಲ್ಲ ಕರ್ಕಂಬಾ. ನೋಡೋರೆಲ್ಲ ನೋಡ್ಲಿ."

ಅರ್ಧ ಸಿಕ್ಕಿತು. ಚಾಚಾ ಕೈ ಎತ್ತಿ ನಮಸ್ಕಾರ ಮಾಡಿದರು. ಬೀದಿಗೆ ಬಂದ ಮೇಲೆ, "ಮುಹೂರ್ತದಾಗ ಊದೋದು ಬ್ಯಾರೆ" ಅಂದರು ಮೆಲ್ಲಗೆ. ಅಷ್ಟೇ ಅಂದರು.

ಡಿಸೆಂಬರ್ 3, ಬುಧವಾರ

ಮಾಲತೇಶ್ ಸರ್ ಹತ್ತಿರ ಹಳೆಯ ಕವರ್ ವಾಪಸ್ ತೆಗೆದುಕೊಂಡು ಹೊಸದು ಕೊಟ್ಟೆ. ಬಣ್ಣದ್ದು. ಕೆಂಪು ಕೋಟು, ಕೆನ್ನೆ ಊದಿದೆ, ಕಣ್ಣು ಮುಚ್ಚಿ ನಗು, ಹಿಂದೆ ಹಿದಾಯತ್, ಚಾಚಿ, ಹಿತ್ತಾಳೆ, ಹುಣಸೆಹಣ್ಣಿನ ಬಟ್ಟಲು. ಖಾಲಿ ಜಾಗ ಇಲ್ಲವೇ ಇಲ್ಲ.

"ಇದೇನಮ್ಮ, ಎಕ್ಸಿಬಿಷನ್ನಿಗೆ ಕಳ್ಸೋ ವರ್ಕ್ ಆಗಿತ್ತು ಅದು! ಮಾರ್ಕ್ಸ್ ಕಡಿಮಿ ಆಗ್ತಾವ ನೋಡು."

"ಆಗ್ಲಿ ಸರ್. ಅದನ್ನ ಹರಿಹರದಾಗ ಸಾವಿನ ಬೋರ್ಡ್ ಅಂತ ಓದಿದ್ರು ಸರ್. ಓದೋರು ಅವ್ರೇ ಅಲ್ವಾ?"

ಸರ್ ಪೂರ್ತಿ ಕತೆ ಹೇಳಿಸಿದರು. ಕ್ಲಾಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಯಾರೋ, ಮೆರವಣಿಗೆ ಯಾವತ್ತು, ನಾವೂ ಬರ್ತೀವಿ ಅಂದರು. ಬರುತ್ತಾರೋ ಇಲ್ಲವೋ. ಮಾರ್ಕ್ಸ್ ಮಾತ್ರ ಕಡಿಮೆಯಾದವು.

ಡಿಸೆಂಬರ್ 6, ಶನಿವಾರ

ಕ್ಲಾಸಿನವರು ಯಾರೂ ಬರಲಿಲ್ಲ. ನಾನು ಹೋದೆ.

ಹಾಸ್ಟೆಲಿನಲ್ಲಿದ್ದಾಗ ಮನೆಯ ಮದುವೆಗಳೆಲ್ಲ ಪರೀಕ್ಷೆಯ ದಿನವೇ ಬರುತ್ತಿದ್ದವು. ಬ್ಯಾಂಡ್ ಮೆರವಣಿಗೆಯನ್ನು ನಾನು ಹತ್ತಿರದಿಂದ ನೋಡಿರಲೇ ಇಲ್ಲ. ನನಗೆ ಗೊತ್ತಿರಲಿಲ್ಲ, ಬ್ಯಾಂಡ್ ಮಾಸ್ಟರ್ ಹಿಂದಕ್ಕೆ ನಡೆಯುತ್ತಾನೆ ಅಂತ. ಮದುಮಗನಿಗೆ ಬೆನ್ನು ತೋರಿಸಬಾರದಂತೆ. ಮುಖ ಅವನ ಕಡೆ, ಊದುತ್ತಾ, ಹೆಜ್ಜೆ ಹಿಂದೆ ಹಿಂದೆ.

ರಸ್ತೆಯಲ್ಲಿ ಕೇಬಲ್ಲಿಗೆ ಅಗೆದ ಗುಂಡಿಗಳು. ಹಿದಾಯತ್ ಡ್ರಮ್ ಕಟ್ಟಿಕೊಂಡು ನನ್ನ ಹತ್ತಿರ ಓಡಿ ಬಂದ. "ಅಬ್ಬಾನ ಬೆನ್ನಿಗೆ ಯಾರೂ ಇಲ್ಲ. ನೀನು ನಿಲ್ಲು. ದಾರಿ ನೋಡಿ ಕೂಗಿ ಹೇಳು."

"ನಾನಾ?"

"ಮತ್ಯಾರು? ಹೋಗ್ ಹೋಗ್."

ಎಲ್ಲರಿಗಿಂತ ಮುಂದೆ ನಾನು. ನನ್ನ ಹಿಂದೆ ಚಾಚಾನ ಬೆನ್ನು, ಅದರಾಚೆ ಹಿತ್ತಾಳೆ, ಡ್ರಮ್ಮು, ಬೀಗರು, ಕುದುರೆ. ಮೊದಲ ಸಲ ಹೇಳಿದಾಗ ನನ್ನ ದನಿ ನನಗೇ ಕೇಳಲಿಲ್ಲ. ಅವರ ಹಿಮ್ಮಡಿ ಗುಂಡಿಯ ಅಂಚಿಗೆ ಬಂತು. "ಚಾಚಾ, ಗುಂಡಿ! ಎಡಕ್ಕ ಬರ್ರಿ, ಎಡಕ್ಕ!" ಅಂತ ಕಿರುಚಿದೆ. ಅವರು ತಿರುಗಿಯೂ ನೋಡದೆ ಎಡಕ್ಕೆ ಬಂದರು. ಊದುವುದು ನಿಲ್ಲಲಿಲ್ಲ. ಆಮೇಲೆ ಬೀದಿ ಪೂರ್ತಿ ಕೂಗುತ್ತಲೇ ಹೋದೆ. ಕಲ್ಲು, ಚಾಚಾ. ನಿಲ್ರಿ, ಬೈಕ್ ಐತೆ. ಹ್ಞೂಂ, ಈಗ ಬರ್ರಿ. ಜಗಲಿಯ ಮೇಲೆ ನಿಂತವರೆಲ್ಲ ನೋಡುತ್ತಿದ್ದರು. ಸತ್ತಿದ್ದ ಸಾಬ್ರು ಇವ್ರೇ ನೋಡ್ರಿ ಅಂತ ಒಬ್ಬಳು ಮಗುವನ್ನು ಎತ್ತಿ ತೋರಿಸಿದಳು. ಮನೆಯ ಹೊಸ್ತಿಲು ಬಂದಾಗ ಸರ್ವಮಂಗಳಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಚಾಚಾ ಆ ಎಡವುವ ಸಾಲನ್ನು ಎಡವದೆ ಮುಗಿಸಿದರು.

ನಾನು ಗೇಟಿನ ಪಕ್ಕ ಉಸಿರು ಬಿಡುತ್ತಾ ನಿಂತಿದ್ದೆ. ಬೀಗರ ಕಡೆಯ ಒಬ್ಬರು, ಜರಿ ಪೇಟದವರು, ಬಂದು ಕೇಳಿದರು:

"ಏನವ್ವ, ನೀ ಬ್ಯಾಂಡಿನಾಕೇನು? ಫೆಬ್ರವರಿಯಾಗ ನಮ್ಮ ತಮ್ಮನ ಮದುವಿ ಐತೆ. ಮುಹೂರ್ತಕ್ಕ ಇವ್ರೇ ಬೇಕು. ಯಾರ್ ಹತ್ರ ಮಾತಾಡ್ಬೇಕು?"

ಹಿದಾಯತ್ ದೂರ ಇದ್ದ.

"ನಮ್ಮ ಹತ್ರಾನೇ ಮಾತಾಡ್ರಿ" ಅಂದೆ. "ಯಾವ ತಾರೀಕು?"